ಜಮೀನಿನಲ್ಲಿ ಸಿಕ್ಕ ಭಾರವಾದ ಲೋಹದ ವಸ್ತು ಏನಿರಬಹುದು?

ಪ್ರಶ್ನೆ:
ನಮ್ಮ ಜಮೀನಿನ ಅಂಚಿನಲ್ಲಿ ಬೇಲಿಯ ಕಂಬಕ್ಕೆಂದು ಗುಂಡಿ ತೋಡುತ್ತಿದ್ದಾಗ, ಸುಮಾರು ಎರಡು ಅಡಿ ಆಳದಲ್ಲಿ ಒಂದು ಲೋಹದ ವಸ್ತು ಸಿಕ್ಕಿದೆ. ಉದ್ದ 9 ಸೆಂಟಿಮೀಟರ್, ದಪ್ಪನೆಯ ಭಾಗದಲ್ಲಿ ಅಡ್ಡಳತೆ 5 ಸೆಂಟಿಮೀಟರ್. ಒಂದು ತುದಿ ಸಪೂರವಾಗಿದ್ದು ಅಲ್ಲಿ ತುಕ್ಕಿನ ಗಡ್ಡೆಯೊಂದು ಅಂಟಿಕೊಂಡಿದೆ. ಉಳಿದ ಮೈಯೆಲ್ಲ ಹಸಿರು ಬಣ್ಣಕ್ಕೆ ತಿರುಗಿದೆ. ಗಾತ್ರಕ್ಕೆ ಹೋಲಿಸಿದರೆ ತೂಕ ವಿಪರೀತ ಎನ್ನಿಸುತ್ತದೆ. ಒಂದು ಬದಿಯನ್ನು ತಂತಿಯ ಬ್ರಷ್‌ನಿಂದ ಉಜ್ಜಿ ನೋಡಿದೆ. ಒಳಗೆ ಹಳದಿ ಹೊಳಪು ಕಾಣಿಸಿತು. ಇದು ಏನಿರಬಹುದು?

ಮೊದಲ ಉತ್ತರ:
ದಯವಿಟ್ಟು ಉಜ್ಜುವುದನ್ನು ಈಗಲೇ ನಿಲ್ಲಿಸಿ. ತುದಿ ಸಪೂರವಾಗಿರುವ ಹಿತ್ತಾಳೆಯ ವಸ್ತು ಎಂದೊಡನೆ ನನಗೆ ಮೊದಲು ನೆನಪಾಗುವುದು ಫಿರಂಗಿ ಗುಂಡಿನ ಮೂತಿಗೆ ಕೂಡಿಸುವ ಫ್ಯೂಸ್, ಅಂದರೆ ಗುಂಡನ್ನು ಸಿಡಿಸುವ ಭಾಗ. ದಪ್ಪನೆಯ ತುದಿಯ ತಳ ಚಪ್ಪಟೆಯಾಗಿದ್ದು ಅಲ್ಲಿ ತಿರುಪಿನ ಸುತ್ತುಗಳಿದ್ದರೆ, ಅಥವಾ ಸುತ್ತಲೂ ಅಂಕಿಗಳನ್ನು ಕೆತ್ತಿದ ಉಂಗುರವಿದ್ದರೆ, ಅದನ್ನು ಮುಟ್ಟದೆ, ಬಡಿಯದೆ, ತಿರುಗಿಸಲು ಹೋಗದೆ ದೂರ ಸರಿದು ಪೊಲೀಸರಿಗೆ ತಿಳಿಸಬೇಕು. ಎಷ್ಟೋ ದಶಕ ಮಣ್ಣಿನಲ್ಲಿದ್ದ ಸ್ಫೋಟಕವೂ ಸತ್ತಿದೆ ಎಂದು ಭಾವಿಸುವಂತಿಲ್ಲ.

ಪ್ರಶ್ನೆ ಕೇಳಿದವರು:
ತಳ ಸಂಪೂರ್ಣ ದುಂಡಗಿದೆ. ತಿರುಪಾಗಲಿ ಉಂಗುರವಾಗಲಿ ಅಂಕಿಗಳಾಗಲಿ ಇಲ್ಲ. ಅಯಸ್ಕಾಂತ ಹಿಡಿದರೆ ತುಕ್ಕಿನ ಗಡ್ಡೆಗೆ ಮಾತ್ರ ಅಂಟುತ್ತದೆ.

ಎರಡನೆಯ ಉತ್ತರ:
ಹಾಗಾದರೆ ಮೈ ತಾಮ್ರದ ಮಿಶ್ರಲೋಹ, ಗಡ್ಡೆ ಕಬ್ಬಿಣ ಎಂದಾಯಿತು. ಇನ್ನು ಸಾಂದ್ರತೆಯನ್ನು ಅಳೆಯಿರಿ. ನೀರು ತುಂಬಿದ ಪಾತ್ರೆಯನ್ನು ಡಿಜಿಟಲ್ ತಕ್ಕಡಿಯ ಮೇಲಿಟ್ಟು ಅಂಕಿಯನ್ನು ಸೊನ್ನೆಗೆ ತನ್ನಿ. ವಸ್ತುವನ್ನು ದಾರದಲ್ಲಿ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಆಗ ತಕ್ಕಡಿ ತೋರಿಸುವ ಗ್ರಾಂಗಳ ಸಂಖ್ಯೆಯೇ ವಸ್ತುವಿನ ಗಾತ್ರ, ಘನ ಸೆಂಟಿಮೀಟರ್‌ಗಳಲ್ಲಿ. ಒಣ ತೂಕವನ್ನು ಅದರಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. ಆಮೇಲೆ ತಡಮಾಡದೆ ಒರೆಸಿ ಒಣಗಿಸಿ.

ಪ್ರಶ್ನೆ ಕೇಳಿದವರು:
ಒಣ ತೂಕ 985 ಗ್ರಾಂ, ಗಾತ್ರ 96. ಭಾಗಿಸಿದರೆ ಸುಮಾರು 10.3 ಬರುತ್ತದೆ.

ಎರಡನೆಯ ಉತ್ತರ ಬರೆದವರು:
ಈ ಒಂದು ಅಂಕಿಯೇ ಬಹಳಷ್ಟನ್ನು ಹೇಳಿಬಿಡುತ್ತದೆ. ಕಂಚು, ಹಿತ್ತಾಳೆಗಳು ಸಾಮಾನ್ಯವಾಗಿ 8.4ರಿಂದ 8.9ರ ನಡುವೆ ಇರುತ್ತವೆ, ಕಬ್ಬಿಣ 7.9ನ್ನು ದಾಟುವುದಿಲ್ಲ, ಸೀಸ 11.3. ಹೊರಗೆ ಹಿತ್ತಾಳೆಯಂತೆ ಕಾಣುತ್ತ 10.3 ತೂಗುವ ವಸ್ತುವಿನ ಒಳಗೆ ಸೀಸ ಎರೆದಿರಲೇಬೇಕು. ಅಂದರೆ ಚಿಕ್ಕ ಗಾತ್ರದಲ್ಲಿ ಹೆಚ್ಚು ಭಾರ ತುಂಬುವುದೇ ಮಾಡಿದವನ ಉದ್ದೇಶವಾಗಿತ್ತು. ಗೋಡೆಯ ನೇರ ನೋಡುವ ತೂಕಗುಂಡಾಗಿದ್ದರೆ ಕೆಳಗೆ ನೇತಾಡುವ ತುದಿ ಚೂಪಾಗಿರುತ್ತಿತ್ತು. ನಿಮ್ಮದರಲ್ಲಿ ಕಬ್ಬಿಣವಿರುವುದು ಸಪೂರ ತುದಿಯಲ್ಲಿ. ಅದು ತುಕ್ಕು ಹಿಡಿದ ಕೊಕ್ಕೆಯಾಗಿದ್ದರೆ, ನೇತುಹಾಕಿದಾಗ ದುಂಡನೆಯ ತಳವೇ ಕೆಳಗೆ ಬರುತ್ತದೆ. ಆದ್ದರಿಂದ ಇದು ಕೋಲುತಕ್ಕಡಿಯ ಜಾರುಬಟ್ಟು ಎಂಬುದು ನನ್ನ ಅಂದಾಜು. ಆ ತಕ್ಕಡಿಯ ಎರಡು ತೋಳುಗಳು ಸಮವಲ್ಲ. ಗಿಡ್ಡ ತೋಳಿಗೆ ಸರಕನ್ನು ಕಟ್ಟಿ, ಉದ್ದ ತೋಳಿನ ಗುರುತುಗಳ ಮೇಲೆ ಒಂದೇ ಬಟ್ಟನ್ನು ಸರಿಸುತ್ತ ತೂಗುತ್ತಿದ್ದರು. ರೋಮನ್ನರ ಕಾಲದಲ್ಲಿಯೂ ಇದ್ದ ಈ ಸಾಧನ 20ನೇ ಶತಮಾನದಲ್ಲಿಯೂ ಬಳಕೆಯಲ್ಲಿತ್ತು. ಹಾಗಾಗಿ ಆಕಾರವೊಂದನ್ನೇ ನೋಡಿ ಕಾಲ ಹೇಳುವವರನ್ನು ನಂಬಬೇಡಿ.

ಮೂರನೆಯ ಉತ್ತರ:
ಗುರುತಿಸುವಿಕೆಯನ್ನು ಒಪ್ಪುತ್ತೇನೆ. 13ನೇ ಶತಮಾನದ ಇಂಗ್ಲೆಂಡಿನ ಇಂಥ ಬಟ್ಟುಗಳ ಮೇಲೆ ಗುರಾಣಿಯೊಳಗೆ ಲಾಂಛನಗಳು ಇರುತ್ತಿದ್ದವು. ಬ್ರಷ್ ತಾಗದ ಬದಿಯನ್ನು ಕತ್ತಲೆ ಕೋಣೆಯಲ್ಲಿ ಓರೆಯಾಗಿ ಟಾರ್ಚ್ ಹಿಡಿದು ನೋಡಿರಿ. ಉಬ್ಬುತಗ್ಗಿನ ಗುರುತುಗಳು ನೆರಳಿನಿಂದ ಎದ್ದು ಕಾಣುತ್ತವೆ. ತೆಳು ಹಸಿರಿನ ಪುಡಿಯಂಥ ಚುಕ್ಕೆಗಳು ಹೊಸದಾಗಿ ಮೂಡಿದರೆ ಅದು ಉಪ್ಪಿನಲ್ಲಿರುವ ಕ್ಲೋರೈಡಿನಿಂದ ಲೋಹದಲ್ಲಿ ಹಬ್ಬುವ ಕೊರೆತ. ತೇವ ಹೀರುವ ಸಿಲಿಕಾ ಜೆಲ್ ಇಟ್ಟ ಮುಚ್ಚಿದ ಡಬ್ಬಿಯೇ ಸದ್ಯಕ್ಕೆ ಅದಕ್ಕೆ ಸರಿಯಾದ ಜಾಗ. ಒಳಗಿರುವುದು ಸೀಸವಾದ್ದರಿಂದ ಕೈಗವಸು ಧರಿಸಿ. ಸ್ವಂತ ಜಮೀನೆಂದ ಮಾತ್ರಕ್ಕೆ ನೆಲದೊಳಗಿನ ಹಳೆಯ ವಸ್ತು ಮಾಲೀಕನದೇ ಆಗಬೇಕೆಂದಿಲ್ಲ. ಹಲವು ದೇಶಗಳಲ್ಲಿ ಅಧಿಕಾರಿಗಳಿಗೆ ತಿಳಿಸುವುದು ಕಡ್ಡಾಯ. ಸಿಕ್ಕ ಜಾಗ, ಆಳ, ಜೊತೆಗಿದ್ದ ಮಡಕೆಚೂರುಗಳನ್ನು ಬರೆದಿಟ್ಟುಕೊಂಡು ವಸ್ತುಸಂಗ್ರಹಾಲಯದವರಿಗೆ ತೋರಿಸಿರಿ. ಕಾಲವನ್ನು ಹೇಳುವುದು ಬಟ್ಟಿಗಿಂತ ಹೆಚ್ಚಾಗಿ ಆ ಚೂರುಗಳೇ.

ಪ್ರಶ್ನೆ ಕೇಳಿದವರು:
ಟಾರ್ಚ್ ಹಿಡಿದು ನೋಡಿದೆ. ಬ್ರಷ್ ತಾಗದ ಬದಿಯಲ್ಲಿ ಬಾಗಿದ ಗೆರೆಯೊಂದು ಕಾಣುತ್ತದೆ. ಆದರೆ ಅದು ನಾನು ಉಜ್ಜಿದ ಜಾಗದ ಅಂಚಿಗೆ ಬಂದು ನಿಂತುಹೋಗಿದೆ. ಗುಂಡಿಯ ಮಣ್ಣನ್ನು ಇನ್ನೂ ಚೆಲ್ಲಿಲ್ಲ, ಮಡಕೆಚೂರುಗಳಿಗಾಗಿ ನಾಳೆ ಜರಡಿ ಹಿಡಿಯುತ್ತೇನೆ.