ಅಪ್‌ಡೇಟ್: ಬರಹ ಓದಿ ನಾನು ಮೆಚ್ಚಿಕೊಂಡಿದ್ದವರನ್ನು ಕೊನೆಗೂ ಭೇಟಿಯಾದೆ

ಎರಡು ತಿಂಗಳ ಹಿಂದೆ ನಿಮ್ಮನ್ನೆಲ್ಲ ಕೇಳಿದ್ದೆ, ನೆನಪಿದೆಯಾ? ಶಿರಸಿ ಕಡೆಯ ಒಬ್ಬರು ಅಡಿಕೆ ತೋಟ, ಮಳೆ, ತೀರಿಹೋದ ಅಮ್ಮನ ಬಗ್ಗೆ ಆನ್‌ಲೈನ್‌ನಲ್ಲಿ ಬರೆಯುವುದನ್ನು ಮೂರು ವರ್ಷದಿಂದ ಓದುತ್ತಿದ್ದೇನೆ, ಮುಖ ನೋಡದಿದ್ದರೂ ಇವರಷ್ಟು ಒಳ್ಳೆಯವರು ಯಾರೂ ಇಲ್ಲ ಅನ್ನಿಸುತ್ತದೆ, ಭೇಟಿಯಾಗಲಾ ಬೇಡವಾ ಅಂತ. ಹೋಗಿ ಬನ್ನಿ ಅಂದವರೇ ಜಾಸ್ತಿ. ಹೋಗಿ ಬಂದೆ.

ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲ್‌ನಲ್ಲಿ ಕೂತೆವು. ಹತ್ತು ನಿಮಿಷ ಅವರು ಮಾತೇ ಆಡಲಿಲ್ಲ. ಉಗುರಿನ ಸಂದಿಯಲ್ಲಿ ಅಡಿಕೆ ಚೊಗರಿನ ಕಲೆ, ಚಹಾ ಲೋಟ ಸುಮ್ನೆ ತಿರುಗಿಸುತ್ತಾ ಇದ್ದರು. ತಿಂಡಿ ತಡವಾಯಿತು ಅಂತ ಹುಡುಗನಿಗೆ ಗದರಿಬಿಟ್ಟರು. ನನಗೆ ಕಸಿವಿಸಿಯಾಯಿತು. ಅಮ್ಮನ ಒಂದೆಲಗದ ತಂಬುಳಿ ಬಗ್ಗೆ ಅಷ್ಟು ಮೆತ್ತಗೆ ಬರೆದವರು ಇವರೇನಾ? ಕೇಳಿಯೇಬಿಟ್ಟೆ. "ಒಂದು ಪುಟಕ್ಕೆ ನಾಲ್ಕು ರಾತ್ರಿ ಬೇಕು ನನಗೆ. ಬೇಡದ್ದೆಲ್ಲ ಅಳಿಸಿರ್ತೀನಿ" ಅಂದರು.

ಮನೆಗೆ ಬಂದು ಹುಡುಕಿದರೆ, 1996ರಲ್ಲೇ ಅಮೆರಿಕದ ಸಂಶೋಧಕ ಜೋಸೆಫ್ ವಾಲ್ತರ್ ಇದನ್ನು ವಿವರಿಸಿದ್ದಾರೆ. ಬರೆಯುವವರು ತಮ್ಮ ಒಳ್ಳೆಯದನ್ನು ಆರಿಸಿ ತೋರಿಸುತ್ತಾರೆ, ಖಾಲಿ ಉಳಿದದ್ದನ್ನು ಓದುವವರು ಒಳ್ಳೆಯದೇ ಅಂತ ತುಂಬಿಕೊಳ್ಳುತ್ತಾರೆ. ನಾನು ಮಾಡಿದ್ದೂ ಅದೇ ಅಲ್ವಾ.

ಆ ಗದರಿಕೆ ನನಗೆ ಈಗಲೂ ಇಷ್ಟವಾಗಿಲ್ಲ. ಆದರೆ ಬಸ್ ಹತ್ತುವಾಗ ಅಪ್ಪೆಮಿಡಿ ಉಪ್ಪಿನಕಾಯಿ ಬಾಟಲಿ ಕೈಗಿಟ್ಟು, "ಅಮ್ಮನ ಅಳತೆಯಲ್ಲೇ ಹಾಕಿದ್ದು" ಅಂದು ಮುಖ ಆಚೆ ತಿರುಗಿಸಿದರು. ನಿನ್ನೆ ರಾತ್ರಿ ನಾನೇ ಫೋನ್ ಮಾಡಿದೆ. ಈ ಮಳೆಗಾಲ ಕೊಳೆ ರೋಗ ಬಂದು ಅವರ ತೋಟದ ಅರ್ಧ ಕಾಯಿ ಉದುರಿಹೋಗಿತ್ತಂತೆ. ಅದನ್ನು ಅವರು ಎಲ್ಲೂ ಬರೆದಿರಲಿಲ್ಲ.