ರಾತ್ರಿ ಪಾಳಿಯ ಸಿಸ್ಟರ್‌ಗಳಿಗೆ ತುರ್ತು ತರಬೇತಿ: ಭಾನುವಾರ ಆಸ್ಪತ್ರೆಗೆ ಹೋಗೋಣ

ಮನೆ 27:
ಎಲ್ಲರಿಗೂ ನಮಸ್ಕಾರ. ಹೋದ ವಾರ ರಾತ್ರಿ ಎರಡು ಗಂಟೆಗೆ ಅಪ್ಪನಿಗೆ ಎದೆ ಹಿಡಿದುಕೊಂಡಿತು. ಮೈಯೆಲ್ಲ ಬೆವರು. ಐದೇ ನಿಮಿಷದಲ್ಲಿ ಹತ್ತಿರದ ಆಸ್ಪತ್ರೆ ತಲುಪಿದೆವು. ಅಲ್ಲಿದ್ದ ಸಿಸ್ಟರ್ ಬಿಪಿ ನೋಡಿದರು. ಗ್ಯಾಸ್ ಇರಬಹುದು, ಡಾಕ್ಟರ್ ಬರಲಿ ಅಂದರು. ಇಸಿಜಿ ಮಾಡುವಷ್ಟರಲ್ಲಿ 40 ನಿಮಿಷ ಹೋಯಿತು. ಅದು ಹಾರ್ಟ್ ಅಟ್ಯಾಕೇ ಆಗಿತ್ತು. ಅಪ್ಪ ಈಗ ಹುಷಾರಾಗಿದ್ದಾರೆ. ಆದರೆ ಆ 40 ನಿಮಿಷ ನೆನೆದರೆ ಇನ್ನೂ ನಿದ್ದೆ ಬರುವುದಿಲ್ಲ. ನಾಳೆ ನಿಮ್ಮ ಮನೆಯವರಿಗೂ ಹೀಗೆ ಆಗಬಹುದು, ಅಲ್ವಾ? ಎಲ್ಲರೂ ಸೇರಿ ಏನಾದರೂ ಮಾಡಲೇಬೇಕು.

ಮನೆ 9:
ಅಪ್ಪ ಉಳಿದರಲ್ಲ, ಅದೇ ದೊಡ್ಡದು. ಆ ಸಿಸ್ಟರ್ ಮೇಲೆ ದೂರು ಕೊಡೋಣ.

ಮನೆ 41:
ಸ್ವಲ್ಪ ತಾಳಿ. ನಾನು ನಿವೃತ್ತ ನರ್ಸ್, ಕ್ಯಾಶುವಾಲ್ಟಿಯಲ್ಲೇ ಜಾಸ್ತಿ ವರ್ಷ ಕಳೆದವಳು. ಎದೆನೋವು ಅಂತ ಬಂದವರಿಗೆ 10 ನಿಮಿಷದ ಒಳಗೆ ಇಸಿಜಿ ಆಗಬೇಕು. ಅದನ್ನು ತೆಗೆಯಲು ಡಾಕ್ಟರ್ ಪಕ್ಕದಲ್ಲಿ ಇರಬೇಕಾಗಿಲ್ಲ. ತೆಗೆದು ತೋರಿಸಿದರೆ ಸಾಕು. ಆದರೆ ಎಷ್ಟೋ ಕಡೆ 'ನೀನೇ ತೆಗಿ' ಅಂತ ಆ ಹುಡುಗಿಗೆ ಯಾರೂ ಹೇಳಿರುವುದಿಲ್ಲ. ತಾನಾಗಿ ಮಾಡಿದರೆ ಬೈಗುಳ, ಮಾಡದಿದ್ದರೆ ದೂರು.

ಇನ್ನೊಂದು ವಿಷಯ. ಓದಿದ್ದು ಬೇರೆ, ಕೈಗೆ ಹತ್ತಿದ್ದು ಬೇರೆ. ಹೃದಯ ನಿಂತವರಿಗೆ ಎದೆ ಒತ್ತಿ ಮಾಡುವ ಸಿಪಿಆರ್‌ನ ಸರ್ಟಿಫಿಕೇಟ್ ಸಾಮಾನ್ಯವಾಗಿ 2 ವರ್ಷ ನಡೆಯುತ್ತದೆ. ಅಭ್ಯಾಸ ಇಲ್ಲದಿದ್ದರೆ ಕೈ ಕೆಲವೇ ತಿಂಗಳಲ್ಲಿ ಮರೆಯುತ್ತದೆ. ನಿಮಿಷಕ್ಕೆ 100ರಿಂದ 120 ಸಲ, ಕನಿಷ್ಠ 5 ಸೆಂಟಿಮೀಟರ್ ಆಳಕ್ಕೆ ಎದೆ ಒತ್ತಬೇಕು. ಬಾಯಲ್ಲಿ ಎಲ್ಲರೂ ಹೇಳುತ್ತಾರೆ, ಬೊಂಬೆಯ ಮೇಲೆ ಒತ್ತಿಸಿ ನೋಡಿದರೆ ಆಳ ಸಾಲುವುದಿಲ್ಲ. ಹೃದಯ ನಿಂತವರು ಕೆಲವೊಮ್ಮೆ ಗೊರಗೊರ ಅಂತ ಉಸಿರೆಳೆಯುತ್ತಾರೆ. ಅದನ್ನು ನೋಡಿ 'ಉಸಿರಾಡ್ತಿದ್ದಾರೆ' ಅಂತ ಸುಮ್ನೆ ನಿಂತವರನ್ನು ನಾನೇ ಕಂಡಿದ್ದೇನೆ. ಅದು ಉಸಿರಾಟವಲ್ಲ. ಆಗಲೇ ಒತ್ತಲು ಶುರು ಮಾಡಬೇಕು.

ಮನೆ 16:
ಅಕ್ಕ, ಒಂದು ಕೇಳಬೇಕಿತ್ತು. ನನ್ನ ತಮ್ಮನಿಗೆ ಜೇನುಹುಳ ಕಚ್ಚಿ ಗಂಟಲು ಕಟ್ಟಿತ್ತು, ಉಸಿರೇ ಬರುತ್ತಿರಲಿಲ್ಲ. ಅಲರ್ಜಿ ಇಂಜೆಕ್ಷನ್ ಕೊಟ್ಟಿದ್ದೇವೆ, ಕಾಯಿರಿ ಅಂದರು. ಬೇರೆ ಆಸ್ಪತ್ರೆಗೆ ಓಡಿದೆವು.

ಮನೆ 41:
ಓಡಿದ್ದು ಒಳ್ಳೆಯದಾಯಿತು. ಅಲ್ಲಿ ಮೊದಲು ಬೇಕಿದ್ದದ್ದು ಅಡ್ರಿನಲಿನ್ ಇಂಜೆಕ್ಷನ್. ದೊಡ್ಡವರಿಗೆ 0.5 ಮಿಲಿಗ್ರಾಂ, ತೊಡೆಯ ಹೊರಭಾಗದ ಸ್ನಾಯುವಿಗೆ. ಅಲರ್ಜಿ ಔಷಧಿ ತುರಿಕೆ ಇಳಿಸುತ್ತದೆ, ಕಟ್ಟಿದ ಗಂಟಲನ್ನು ಬಿಡಿಸುವುದಿಲ್ಲ. ಎಷ್ಟೋ ಸಿಸ್ಟರ್‌ಗಳಿಗೆ ಅಡ್ರಿನಲಿನ್ ಅಂದರೆ ಭಯ. ಭಯ ಹೋಗಲು ಅಭ್ಯಾಸವೇ ದಾರಿ.

ಮನೆ 33:
ನಾವು ಹೋಗಿ ಕೇಳಿದರೆ ಆಸ್ಪತ್ರೆಯವರು ಉತ್ತರ ಕೊಡ್ತಾರಾ? ಏನಂತ ಕೇಳುವುದು?

ಮನೆ 41:
ರೋಗಿಗಳಾಗಿ ಹೋಗುವವರು ನಾವೇ, ಕೇಳುವ ಹಕ್ಕು ಇದೆ. ಮುಖ್ಯವಾಗಿ ಒಂದು ಲಿಖಿತ ಆದೇಶ ಕೇಳೋಣ. ಎದೆನೋವಿಗೆ ಇಸಿಜಿ, ಪ್ರಜ್ಞೆ ತಪ್ಪಿದವರಿಗೆ ಶುಗರ್ ಟೆಸ್ಟ್, ಗಂಟಲು ಕಟ್ಟಿದ ಅಲರ್ಜಿಗೆ ಅಡ್ರಿನಲಿನ್, ಹೃದಯ ನಿಂತರೆ ಸಿಪಿಆರ್. ಇವನ್ನು ಡಾಕ್ಟರ್ ಬರುವ ಮೊದಲೇ ಸಿಸ್ಟರ್ ಶುರು ಮಾಡಬಹುದು ಅಂತ ಗೋಡೆಯ ಮೇಲೆ ಬರೆದು ಅಂಟಿಸಲಿ. ಬಾಯಿ ಸೊಟ್ಟಗಾಗಿ, ಕೈ ಸೋತು ಬಂದವರನ್ನು 'ಕೊನೆಯ ಸಲ ಸರಿಯಾಗಿದ್ದದ್ದು ಎಷ್ಟು ಗಂಟೆಗೆ' ಅಂತ ಬಾಗಿಲಲ್ಲೇ ಕೇಳಬೇಕು. ಅದು ಲಕ್ವ (ಸ್ಟ್ರೋಕ್) ಇರಬಹುದು, ಮಿದುಳಿನ ರಕ್ತನಾಳದ ಹೆಪ್ಪು ಕರಗಿಸುವ ಔಷಧಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಒಳಗೇ ಸಮಯ. ಆಮೇಲೆ ಕ್ರ್ಯಾಶ್ ಕಾರ್ಟ್, ಅಂದರೆ ತುರ್ತು ಔಷಧಿ, ಸಲಕರಣೆ ಇಡುವ ತಳ್ಳುಗಾಡಿ. ಅದನ್ನು ಪ್ರತಿ ಪಾಳಿಯಲ್ಲೂ ತೆರೆದು ನೋಡುತ್ತಾರಾ ಅಂತ ಕೇಳಿ. ನನ್ನ ಡ್ಯೂಟಿಯಲ್ಲಿ ಒಮ್ಮೆ ಉಸಿರಿನ ನಳಿಕೆ ಹಾಕಲು ಗಂಟಲು ನೋಡುವ ಲ್ಯಾರಿಂಗೋಸ್ಕೋಪ್‌ನ ಬಲ್ಬೇ ಉರಿಯಲಿಲ್ಲ. ಆ ರಾತ್ರಿ ಇವತ್ತಿಗೂ ಮರೆತಿಲ್ಲ.

ತಿಂಗಳಿಗೊಮ್ಮೆ 15 ನಿಮಿಷದ ಅಣಕು ಅಭ್ಯಾಸ ಸಾಕು. ರಾತ್ರಿ ಪಾಳಿಯಲ್ಲೂ ಮಾಡಿಸಬೇಕು. ಬೇಕಾದರೆ ನಾನೇ ಬಂದು ಸಹಾಯ ಮಾಡುತ್ತೇನೆ.

ಮನೆ 9:
ಸರಿ, ಸಿಸ್ಟರ್ ಮೇಲೆ ದೂರು ಬೇಡ. ಆದರೆ ಆ ರಾತ್ರಿ ನಡೆದದ್ದನ್ನು ಸಮಯದ ಸಮೇತ ಬರೆದು ಆಡಳಿತದವರಿಗೆ ಕೊಡಲೇಬೇಕು. ಅದನ್ನು ಬಿಡಬಾರದು.

ಮನೆ 27:
ಖಂಡಿತ ಸಾರ್. ಪತ್ರ ಇವತ್ತು ರಾತ್ರಿ ಬರೆದು ಇಲ್ಲೇ ಹಾಕುತ್ತೇನೆ. ಅಕ್ಕ ಹೇಳಿದ್ದನ್ನೂ ಸೇರಿಸುತ್ತೇನೆ. ಭಾನುವಾರ 11 ಗಂಟೆಗೆ ಹೋಗೋಣ. ಬರುವವರು ಮನೆ ನಂಬರ್ ಹಾಕಿ.

ಮನೆ 16:
16 ಬರುತ್ತೇವೆ, ತಮ್ಮನೂ ಬರುತ್ತಾನೆ.

ಮನೆ 33:
33. ಅಕ್ಕ, ನಿಮಗೆ ಮೊಣಕಾಲು ನೋವಲ್ವಾ, ನಡೆಯಬೇಡಿ. ಹತ್ತೂವರೆಗೆ ಗಾಡಿ ತರುತ್ತೇನೆ.

ಮನೆ 41:
ತಗೊಂಡು ಬಾರಪ್ಪ. ಅಭ್ಯಾಸದ ಬೊಂಬೆ ಒಂದಿದೆ, ಅದನ್ನೂ ಹಾಕಿಕೊಂಡು ಹೋಗೋಣ.