ಉಳಿಸಿ, ಅಳಿಸಿ, ಕಳಿಸಿ: ಆಯಿಗೆ ಬಟನ್ ತಪ್ಪಿದ್ದು ಯಾಕೆ?

ತೋಟದಂಚು, ಶಿರಸಿ:

ಎಲ್ಲರಿಗೂ ನಮಸ್ಕಾರ. ಶಿರಸಿಯಿಂದ 15 ಕಿಲೋಮೀಟರ್ ಒಳಗೆ ನಮ್ಮೂರು. ಆಯಿ ಮತ್ತು ಅಕ್ಕಪಕ್ಕದ ಮನೆಯ ಐದಾರು ಹೆಂಗಸರು ಸೇರಿ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಮಾಡಿ ಮಾರುತ್ತಾರೆ. ಮೊದಲು ಆರ್ಡರ್ ಎಲ್ಲ ವಾಟ್ಸಾಪಿನಲ್ಲಿ ಬರುತ್ತಿತ್ತು. ಯಾರಿಗೆ ಹೋಯಿತು, ಯಾರಿಗೆ ಬಾಕಿ ಎಂದು ದಿನಾ ಗೊಂದಲ. ಅದಕ್ಕೆ ನಾನೇ ಒಂದು ವೆಬ್ ಪುಟ ಮಾಡಿಕೊಟ್ಟೆ, ಪೂರ್ತಿ ಕನ್ನಡದಲ್ಲಿ. ಪ್ರತಿ ಆರ್ಡರಿನ ಕೆಳಗೆ ಮೂರು ಬಟನ್: ಉಳಿಸಿ, ಅಳಿಸಿ, ಕಳಿಸಿ.

ಹೋದ ವಾರ ಧಾರವಾಡದ ಗಿರಾಕಿಯೊಬ್ಬರ 3 ಕೆಜಿ ಉಪ್ಪಿನಕಾಯಿ ಆರ್ಡರ್ ಪುಟದಿಂದ ಕಾಣೆಯಾಯಿತು. ಅವರು ಫೋನ್ ಮಾಡಿ ಕೇಳಿದಾಗಲೇ ನಮಗೆ ಗೊತ್ತಾಗಿದ್ದು. ಪಾರ್ಸಲ್ ಕಟ್ಟಿ ಇಟ್ಟಿತ್ತು. ವಿಳಾಸ ಮಾತ್ರ ಎಲ್ಲೂ ಇರಲಿಲ್ಲ.

ಮರುದಿನ ಆಯಿ ಜಗಲಿಯಲ್ಲಿ ಫೋನ್ ಹಿಡಿದು ಕೂತಾಗ ನಾನು ಪಕ್ಕದಲ್ಲಿ ಕೂತು ಸುಮ್ನೆ ನೋಡಿದೆ. ಒಂದು ಮಾತೂ ಆಡಲಿಲ್ಲ. ಆಯಿ ಅಕ್ಷರ ಅಕ್ಷರ ಓದುವುದಿಲ್ಲ. ಪದದ ಆಕಾರ ನೋಡಿ ಒತ್ತುತ್ತಾಳೆ. ನಾವೆಲ್ಲರೂ ಹಾಗೇ ಅಲ್ವಾ? ನನ್ನ ಮೂರು ಬಟನ್ನಿನಲ್ಲಿ ಅವಳಿಗೆ ಕಾಣುತ್ತಿದ್ದದ್ದು ಳಿಸಿ, ಳಿಸಿ, ಳಿಸಿ. ಮೊದಲ ಅಕ್ಷರ ಒಂದು ಬಿಟ್ಟರೆ ಮೂರೂ ಒಂದೇ. ಬಟನ್ ಎತ್ತರ 28 ಪಿಕ್ಸೆಲ್, ಮಧ್ಯೆ 4 ಪಿಕ್ಸೆಲ್ ಜಾಗ. ಉಪ್ಪುನೀರಿನಲ್ಲಿ ಕೈಯಾಡಿಸಿ ಅವಳ ಹೆಬ್ಬೆರಳು ಒಡೆದಿದೆ. ಅದನ್ನು ಬಟನ್ ಮೇಲೆ ತಂದರೆ ಎರಡು ಬಟನ್ ಮುಚ್ಚಿಹೋಗುತ್ತದೆ.

ಸೇವ್, ಡಿಲೀಟ್, ಸೆಂಡ್ ಎಂದು ಇಂಗ್ಲಿಷಿನಲ್ಲಿ ಇದ್ದಾಗ ಈ ತೊಂದರೆ ಇಲ್ಲ. ನಾನು ಒಂದೊಂದನ್ನೇ ಕನ್ನಡಕ್ಕೆ ತಂದೆ. ಮೂರನ್ನೂ ಅಕ್ಕಪಕ್ಕ ಇಟ್ಟು ಕಣ್ಣಲ್ಲಿ ನೋಡಲೇ ಇಲ್ಲ.

"ನನಗೆ ಇದೆಲ್ಲ ಬರೂದಿಲ್ಲ ಮಗಾ, ನೀನೇ ನೋಡ್ಕೊ" ಅಂದಳು. ಆ ಮಾತು ಇನ್ನೂ ಮನಸ್ಸಿನಲ್ಲಿ ಕೊರೆಯುತ್ತಿದೆ. ಭರಣಿ ತುಂಬ ಮಿಡಿಗೆ ಎಷ್ಟು ಉಪ್ಪು ಎಂದು ಕೈಯಲ್ಲೇ ಅಳೆದು ಹೇಳುವವಳು ಅವಳು. ಫೋನ್ ಕೆಳಗಿಟ್ಟು ಎದ್ದುಹೋದಳು.

ಏನು ಮಾಡಲಿ? ಬಟನ್ನಿಗೆ ಬಣ್ಣ ಹಾಕಲಾ? "ಖಂಡಿತ ಅಳಿಸಬೇಕೇ?" ಎಂದು ಒಂದು ಪೆಟ್ಟಿಗೆ ತೋರಿಸಲಾ? ಹೆಸರೇ ಬದಲಿಸಲಾ?

ಕಾಳಿ ದಂಡೆ, ಕಾರವಾರ:

ತಮ್ಮಾ, ನನಗೆ ಕಂಪ್ಯೂಟರ್ ಕೆಲಸ ಗೊತ್ತಿಲ್ಲ, ಅಡಿಗೆಮನೆ ಗೊತ್ತು. ಕೊಬ್ಬರಿ ಎಣ್ಣೆ ಬಾಟಲಿ ಪಕ್ಕ ಫಿನಾಯಿಲ್ ಬಾಟಲಿ ಯಾರಾದರೂ ಇಡ್ತಾರಾ? ಚೀಟಿ ಅಂಟಿಸಿದ್ದರೂ ಇಡುವುದಿಲ್ಲ. ಕತ್ತಲಲ್ಲಿ ಕೈ ಹಾಕಿದರೂ ತಪ್ಪಬಾರದು ಎಂದು ಅದನ್ನು ಬಚ್ಚಲುಮನೆಯಲ್ಲೇ ಇಡುತ್ತೇವೆ. ನೀನು ಎರಡನ್ನೂ ಒಂದೇ ಕಪಾಟಿನಲ್ಲಿ, ಒಂದೇ ಥರದ ಬಾಟಲಿಯಲ್ಲಿ ಇಟ್ಟಿದ್ದೀಯ. ಅಳಿಸುವುದನ್ನು ಮೊದಲು ಅಲ್ಲಿಂದ ದೂರ ಮಾಡು.

ಆಯಿಗೆ "ನಿನ್ನ ತಪ್ಪಲ್ಲ" ಎಂದು ಹೇಳಿದ್ದೀಯಾ? ಹೇಳಿರದಿದ್ದರೆ ಇವತ್ತೇ ಹೇಳು. ನಾನು ಹೋಗುವ ಒಂದು ಕಚೇರಿಯ ಗಾಜಿನ ಬಾಗಿಲಿಗೆ ಎರಡೂ ಕಡೆ ಒಂದೇ ನಮೂನೆ ಹಿಡಿಕೆ ಇದೆ. ಒಳಗಿಂದ ತಳ್ಳಬೇಕು, ಹೊರಗಿಂದ ಎಳೆಯಬೇಕು. ಹೊರಗಿನಿಂದ ಬಂದು ತಳ್ಳಿ, ಬಾಗಿಲು ತೆರೆಯದೆ ಎಷ್ಟೋ ಸಲ ಎಲ್ಲರೆದುರು ನಾಚಿಕೊಂಡಿದ್ದೇನೆ. ಅಂಥ ಬಾಗಿಲಿಗೆ ನಾರ್ಮನ್ ಬಾಗಿಲು ಎಂಬ ಹೆಸರೇ ಇದೆ ಎಂದು ಮಗಳು ಹೇಳಿದಳು. ಡಾನ್ ನಾರ್ಮನ್ ಎಂಬ ವಿದ್ವಾಂಸರು 1988ರಲ್ಲೇ ಇಂಥ ಬಾಗಿಲುಗಳ ಬಗ್ಗೆ ಬರೆದಿದ್ದಾರಂತೆ. ಅದು ಗೊತ್ತಾದ ಮೇಲೆ ನಾಚಿಕೆ ಹೋಯಿತು.

ಅಘನಾಶಿನಿ, ಕುಮಟಾ:

ನಾನು ಇದೇ ಕೆಲಸ ಮಾಡುವವನು. ಮೂರು ಪದದ ನಿಮ್ಮ ಮಾತು ಓದಿ ನನ್ನ ಹಳೆಯ ಪುಟಗಳನ್ನೆಲ್ಲ ತೆಗೆದು ನೋಡಿದೆ. ಎರಡು ಕಡೆ ನಾನೂ ಉಳಿಸಿ, ಅಳಿಸಿ ಅಕ್ಕಪಕ್ಕ ಇಟ್ಟಿದ್ದೇನೆ.

ಪೆಟ್ಟಿಗೆ ಬೇಡ. ದಿನಕ್ಕೆ 20 ಸಲ "ಖಂಡಿತವೇ?" ಎಂದು ಕೇಳಿದರೆ ಕೈ ತಾನಾಗಿ "ಹೌದು" ಒತ್ತುತ್ತದೆ. ಅದರ ಬದಲು ಅಳಿಸಿದ್ದನ್ನು ನಿಜವಾಗಿ ಅಳಿಸಬೇಡಿ. ಡೇಟಾಬೇಸಿನಲ್ಲಿ ಒಂದು ಗುರುತು ಹಾಕಿ ಪಟ್ಟಿಯಿಂದ ಮರೆಮಾಡಿ, ಕೆಳಗೆ "ವಾಪಸ್ ತನ್ನಿ" ಎಂದು ತೋರಿಸಿ. ಜಿಮೇಲ್ ಕೂಡ ಅಳಿಸಿದ ಪತ್ರವನ್ನು ಕಸದಬುಟ್ಟಿಯಲ್ಲಿ 30 ದಿನ ಇಟ್ಟುಕೊಳ್ಳುತ್ತದೆ. ಹಾಗಿದ್ದರೆ ಧಾರವಾಡದ ವಿಳಾಸ ಹೋಗುತ್ತಿರಲಿಲ್ಲ.

ಅಳತೆಯ ವಿಷಯ. ವೆಬ್ ಪುಟ ಎಲ್ಲರಿಗೂ ಬಳಸಲು ಬರಬೇಕು ಎಂದು ಮಾಡಿದ ಮಾರ್ಗಸೂಚಿ ಡಬ್ಲ್ಯೂಸಿಎಜಿ. 2023ರಲ್ಲಿ ಬಂದ ಅದರ 2.2ನೇ ಆವೃತ್ತಿ ಬಟನ್ ಕನಿಷ್ಠ 24 ಪಿಕ್ಸೆಲ್ ಇರಲಿ ಎನ್ನುತ್ತದೆ. ಆ ಲೆಕ್ಕದಲ್ಲಿ ನಿಮ್ಮ 28 ಪಾಸು. ಆದರೆ ಆಪಲ್ ಹೇಳುವುದು 44 ಪಾಯಿಂಟ್, ಆಂಡ್ರಾಯ್ಡಿಗೆ ಗೂಗಲ್ ಹೇಳುವುದು 48 ಡಿಪಿ, ಅಂದರೆ ಸುಮಾರು 9 ಮಿಲಿಮೀಟರ್. ಪಾಯಿಂಟ್, ಡಿಪಿ ಎರಡೂ ಪಿಕ್ಸೆಲ್ಲಿನ ಹಾಗೆ ಪರದೆಯ ಅಳತೆಗಳೇ. ಒಡೆದ ಹೆಬ್ಬೆರಳಿಗೆ 48 ಇಡಿ.

ಬಣ್ಣ ಹಾಕಿ, ಆದರೆ ಅದೊಂದನ್ನೇ ನಂಬಬೇಡಿ. ಕೆಂಪು, ಹಸಿರಿನ ವ್ಯತ್ಯಾಸ ಕಾಣದವರು ಇರುತ್ತಾರೆ. ಜಗಲಿಯ ಬಿಸಿಲಿಗೆ ಪರದೆಯೂ ಮಂಕಾಗುತ್ತದೆ.

ಇನ್ನೊಂದು. ಹೆಸರು ಬದಲಿಸಿ "ಇಟ್ಟುಕೊಳ್ಳಿ" ಅಂತೇನಾದರೂ ಹಾಕಿದರೆ ಒತ್ತಕ್ಷರ ನೋಡಿಕೊಳ್ಳಿ. ಇಂಗ್ಲಿಷಿಗೆಂದು ಮಾಡಿದ ಬಟನ್ನಿನಲ್ಲಿ ಸಾಲಿನ ಎತ್ತರ ಕಡಿಮೆ. ಎತ್ತರ ಕಟ್ಟಿಹಾಕಿ, ಹೊರಗೆ ಬಂದದ್ದನ್ನು ಮರೆಮಾಡು ಎಂದಿದ್ದರೆ ಕೆಳಗಿನ ಒತ್ತು ಕತ್ತರಿಸಿ ಹೋಗುತ್ತದೆ. "ಸಲ್ಲಿಸಿ" ಎನ್ನುವುದು "ಸಲಿಸಿ" ಆದದ್ದನ್ನು ನಾನೇ ನೋಡಿದ್ದೇನೆ. ಸಾಲಿನ ಎತ್ತರ ಅಕ್ಷರದ ಅಳತೆಯ 1.6 ಪಟ್ಟು ಇಡಿ.

ಶರಾವತಿ ಸೇತುವೆ, ಹೊನ್ನಾವರ:

ನಮ್ಮದು ಸಣ್ಣ ಹೋಂಸ್ಟೇ. ನಮ್ಮ ಪುಟದಲ್ಲಿ "ವಾಸ್ತವ್ಯ ಕಾಯ್ದಿರಿಸಿ" ಎಂದಿತ್ತು. ಅದನ್ನು ನೋಡಿಯೂ ಜನ ಫೋನ್ ಮಾಡಿ "ರೂಮ್ ಬೇಕಿತ್ತು, ಎಲ್ಲಿ ಒತ್ತಬೇಕು" ಎಂದು ಕೇಳುತ್ತಿದ್ದರು. ಬಟನ್ನಿಗೆ "ರೂಮ್ ಬೇಕು" ಎಂದೇ ಹೆಸರಿಟ್ಟೆವು. ಆಮೇಲೆ ಆ ಫೋನ್ ಬರಲಿಲ್ಲ. ಏನು ಹೆಸರು ಎಂದು ನಮ್ಮನ್ನು ಕೇಳಬೇಡಿ, ಆಯಿಯನ್ನೇ ಕೇಳಿ.

ತೋಟದಂಚು, ಶಿರಸಿ:

ಎಲ್ಲರಿಗೂ ಧನ್ಯವಾದ. ಕಾರವಾರದ ಅಕ್ಕಾ, ಅವತ್ತೇ ಆಯಿಗೆ ಹೇಳಿದೆ. ನಿಮ್ಮ ಬಾಗಿಲಿನ ಕಥೆಯನ್ನೂ ಹೇಳಿದೆ. ಅವಳಿಗೂ ಅಂಥದ್ದೊಂದು ಬಾಗಿಲು ಗೊತ್ತಿತ್ತು.

ಹೊನ್ನಾವರದವರು ಹೇಳಿದಂತೆ ಅವಳನ್ನೇ ಕೇಳಿದೆ. "ಪಾರ್ಸಲ್ ಅಂಚೆಗೆ ಕೊಟ್ಟು ಬಂದ ಮೇಲೆ ನೀನು ಏನಂತೀಯ?" "ಪಾರ್ಸಲ್ ಹೋಯ್ತು ಅಂತೀನಿ." ಬಟನ್ ಹೆಸರು ಅದೇ ಆಯಿತು. ಆಗ ಇನ್ನೊಂದು ಗೊತ್ತಾಯಿತು. "ಕಳಿಸಿ" ಎಂದರೆ ಇನ್ನು ಕಳಿಸಬೇಕು ಎಂದೋ, ಕಳಿಸಿ ಆಯಿತು ಎಂದೋ ಅವಳಿಗೆ ಮೊದಲ ದಿನದಿಂದಲೂ ಅನುಮಾನ ಇತ್ತಂತೆ. ನನ್ನನ್ನು ಕೇಳಿರಲಿಲ್ಲ.

"ಅಳಿಸೋದು ಯಾವಾಗ ಬೇಕಾಗ್ತದೆ?" ಎಂದು ಕೇಳಿದೆ. ಸ್ವಲ್ಪ ಯೋಚಿಸಿ, "ಅಳಿಸೋದು ಯಾಕೆ? ಗಿರಾಕಿ ಬೇಡ ಅಂದ್ರೆ ಬೇಡ ಅಂತ ಬರೆದಿಡೋದು" ಅಂದಳು. ಅವಳ ಹಳೆಯ ಲೆಕ್ಕದ ಪುಸ್ತಕ ತೆಗೆದು ನೋಡಿದೆ. ಒಂದು ಹೆಸರನ್ನೂ ಅಳಿಸಿಲ್ಲ. ಬೇಡ ಅಂದವರ ಹೆಸರಿನ ಮೇಲೆ ಒಂದು ಗೆರೆ, ಪಕ್ಕದಲ್ಲಿ ತಾರೀಕು. ಗೆರೆಯ ಕೆಳಗೆ ಹೆಸರು, ಊರು ಎಲ್ಲ ಓದಲು ಬರುತ್ತದೆ. ಕುಮಟೆಯವರು ಹೇಳಿದ "ಮರೆಮಾಡಿ ಇಟ್ಟುಕೊಳ್ಳಿ" ಎನ್ನುವುದು ನಮ್ಮ ಮನೆಯ ಕಪಾಟಿನಲ್ಲೇ ಇತ್ತು.

ಈಗ "ಅಳಿಸಿ" ಇಲ್ಲ. "ಉಳಿಸಿ" ಕೂಡ ಇಲ್ಲ, ಬರೆದದ್ದು ತಾನಾಗಿ ಉಳಿಯುತ್ತದೆ. ದೊಡ್ಡ ಬಟನ್ ಒಂದೇ: ಪಾರ್ಸಲ್ ಹೋಯ್ತು. "ಗಿರಾಕಿ ಬೇಡ ಅಂದ್ರು" ಎನ್ನುವುದು ಆರ್ಡರ್ ತೆರೆದ ಮೇಲೆ ಕೊನೆಯಲ್ಲಿ ಸಿಗುತ್ತದೆ. ಒತ್ತಿದರೆ ಹೆಸರಿನ ಮೇಲೆ ಗೆರೆ ಬೀಳುತ್ತದೆ. ಮತ್ತೆ ಒತ್ತಿದರೆ ಗೆರೆ ಹೋಗುತ್ತದೆ. ನಿನ್ನೆ ಆಯಿ ಒಬ್ಬಳೇ 7 ಆರ್ಡರ್ ಮುಗಿಸಿದಳು.

ಒಂದು ತೊಡಕು ಉಳಿದಿದೆ. ಪಕ್ಕದ ಮನೆಯ ಅತ್ತೆ ಫೋನಿನಲ್ಲಿ ಅಕ್ಷರ ತುಂಬಾ ದೊಡ್ಡದು ಮಾಡಿಕೊಂಡಿದ್ದಾರೆ. ಅವರಿಗೆ "ಪಾರ್ಸಲ್ ಹೋ" ತನಕ ಮಾತ್ರ ಕಾಣುತ್ತದೆ.

ಅಘನಾಶಿನಿ, ಕುಮಟಾ:

ಬಟನ್ನಿಗೆ ಅಗಲ, ಎತ್ತರ ಎರಡನ್ನೂ ಗಟ್ಟಿ ಮಾಡಬೇಡಿ. ಕನಿಷ್ಠ ಎತ್ತರ ಮಾತ್ರ ಕೊಡಿ, ಪದ ಎರಡು ಸಾಲಿಗೆ ಇಳಿಯಲಿ. ಅಕ್ಷರ ಎರಡು ಪಟ್ಟು ದೊಡ್ಡದಾದರೂ ಏನೂ ಕಳೆದುಹೋಗಬಾರದು ಎಂದು ಡಬ್ಲ್ಯೂಸಿಎಜಿಯಲ್ಲೂ ಇದೆ. ಮಾಡಿದ ಮೇಲೆ ಅತ್ತೆಯ ಫೋನಿನಲ್ಲೇ ನೋಡಿ, ನಿಮ್ಮದರಲ್ಲಿ ಬೇಡ.